ಚಳಿಗಾಲಕ್ಕೆ ಮೊದಲು ಪುಸ್ತಕ ತಾ

ರಿಟೈರ್ ಆದ ಮೇಲೆ ಇಷ್ಟೊಂದು ಓದಿ ಏನು ಮಾಡ್ತೀರಿ ಅಂತ ಪಕ್ಕದ ಮನೆಯವರು ಪ್ರೀತಿಯಿಂದಲೇ ಕೇಳಿದರು. ಆಗಿನಿಂದ ನನಗೆ ಬೈಬಲ್ಲಿನ ಅಪೊಸ್ತಲ ಪೌಲನದೇ ನೆನಪು.

ಶಿಷ್ಯ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೇ ಅಧ್ಯಾಯ. ಪೌಲ ಸೆರೆಯಲ್ಲಿದ್ದಾನೆ. ತಾನು ಈ ಲೋಕದಿಂದ ಹೊರಡುವ ಸಮಯ ಹತ್ತಿರ ಬಂತು ಅಂತ ಅವನೇ ಬರೆಯುತ್ತಾನೆ. ಆದರೂ ಕೇಳುವುದೇನು? ತ್ರೋವ ಅನ್ನೋ ಊರಲ್ಲಿ ಬಿಟ್ಟು ಬಂದ ಮೇಲಂಗಿ ತಾ, ಪುಸ್ತಕಗಳನ್ನೂ ತಾ, ಮುಖ್ಯವಾಗಿ ಆ ಚರ್ಮದ ಹಾಳೆಗಳನ್ನು. ಚಳಿಗಾಲಕ್ಕೆ ಮೊದಲೇ ಬಾ. ಅವನಿಗೆ ಮುಂದೆ ಯಾವ ಪರೀಕ್ಷೆಯೂ ಇಲ್ಲ, ಪ್ರಮೋಷನ್ನೂ ಇಲ್ಲ. ಆದರೂ ಪುಸ್ತಕ ಬೇಕು. ಈ ಒಂದು ಸಾಲು ನನಗೆ ಎಷ್ಟು ಧೈರ್ಯ ಕೊಡುತ್ತದೆ ಗೊತ್ತಾ!

ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಕಿಟೆಲ್ ಅವರ ಪ್ರತಿಮೆ ನೋಡಿದಾಗಲೂ ಹೀಗೇ ಅನಿಸುತ್ತದೆ. ಹುಟ್ಟಿದ್ದು 1832ರಲ್ಲಿ, ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಅಷ್ಟರಲ್ಲಿ ಅರವತ್ತು ದಾಟಿತ್ತು.

ಈಗ ಮೊದಲಿನಷ್ಟು ಓದಲು ಆಗುವುದಿಲ್ಲ ನಿಜ. ಸ್ವಲ್ಪ ಹೊತ್ತಿಗೇ ಕಣ್ಣು ಎಳೆಯುತ್ತದೆ. ಬೇಜಾರಾದಾಗ ಬೈಬಲ್ಲಿನ ಪ್ರವಾದಿ ಎಲೀಯನ ಕಥೆ ತೆಗೆಯುತ್ತೇನೆ. ಸಾಕು, ನನ್ನ ಪ್ರಾಣ ತೆಗೆದುಕೋ ಅಂತ ಗಿಡದ ಕೆಳಗೆ ಮಲಗಿದವನಿಗೆ ದೇವರು ಬುದ್ಧಿ ಹೇಳಲಿಲ್ಲ. ದೂತ ಬಂದು ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ಬೈಯಲಿಲ್ಲ, ಮಲಗಲು ಬಿಟ್ಟರು. ದಣಿದ ದೇಹಕ್ಕೆ ನಿದ್ದೆ ಕೊಡುವುದೂ ದೇವರ ಕರುಣೆಯೇ ಅಲ್ವಾ?

ಅಂದಹಾಗೆ, ದೊಡ್ಡ ಅಕ್ಷರದ ಕನ್ನಡ ಬೈಬಲ್ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ದಯವಿಟ್ಟು ಹೇಳಿ. ನಮ್ಮಕ್ಕನಿಗೂ ಒಂದು ಬೇಕು.