ಬಟಾಣಿ ಸುಲಿಯುತ್ತ ಮೆಂಡೆಲ್

ನಾಳಿದ್ದು ಜೀವಕೋಶಶಾಸ್ತ್ರ ಮತ್ತು ತಳಿಶಾಸ್ತ್ರದ ಪರೀಕ್ಷೆ. ಡೊಂಬಿವಲಿಯಿಂದ ದಾದರಿಗೆ ನಿಂತುಕೊಂಡೇ ಹೋಗುವ ಲೋಕಲ್ ರೈಲಿನಲ್ಲಿ, ಒಂದು ಕೋಶ ಎರಡಾಗುವ ಕ್ರಿಯೆಯಾದ ಮೈಟಾಸಿಸ್‌ನ ಹಂತಗಳನ್ನು ಬಾಯಿಪಾಠ ಮಾಡಿದ್ದೆನಾದರೂ, ಅವು ನಿಜವಾಗಿ ತಲೆಗೆ ಹತ್ತಿದ್ದು ಪ್ರಯೋಗಾಲಯದಲ್ಲಿ ಈರುಳ್ಳಿ ಬೇರಿನ ತುದಿಗೆ ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲೆ ಹೆಬ್ಬೆರಳಿನಿಂದ ಒತ್ತಿ, ಸೂಕ್ಷ್ಮದರ್ಶಕದಲ್ಲಿ ನೋಡಿದಾಗ. ಕಂಡ ಕೋಶಗಳಲ್ಲಿ ಹೆಚ್ಚಿನವು ಸುಮ್ಮನಿದ್ದವು. ಒಂದರಲ್ಲಿ ಮಾತ್ರ ವಂಶವಾಹಿಗಳನ್ನು ಹೊತ್ತ ವರ್ಣತಂತುಗಳು ನಟ್ಟನಡುವೆ ಸಾಲುಗಟ್ಟಿ ನಿಂತಿದ್ದವು. ಈರುಳ್ಳಿಯಲ್ಲಿ ಅವು 16, ನಮ್ಮಲ್ಲಿ 46.

ನಿನ್ನೆ ರಾತ್ರಿ ಅಮ್ಮನೊಂದಿಗೆ ಬಟಾಣಿ ಸುಲಿಯುತ್ತ ಕುಳಿತಾಗ, ತಳಿಶಾಸ್ತ್ರಕ್ಕೆ ಅಡಿಪಾಯ ಹಾಕಿದ ಮೆಂಡೆಲ್ ದುಂಡು ಮತ್ತು ಸುಕ್ಕು ಬಟಾಣಿಗಳನ್ನು ಕೂಡಿಸಿ ಬೆಳೆದ ಎರಡನೆಯ ಪೀಳಿಗೆಯಲ್ಲಿ ಎಣಿಸಿದ 7324 ಕಾಳುಗಳಲ್ಲಿ 5474 ದುಂಡಗೂ 1850 ಸುಕ್ಕುಗಟ್ಟಿಯೂ ಇದ್ದವೆಂದೂ, ಹೆಚ್ಚುಕಡಿಮೆ ಮೂರಕ್ಕೊಂದರ ಈ ಲೆಕ್ಕ 1866ರಲ್ಲೇ ಅಚ್ಚಾದರೂ 1900ರವರೆಗೆ ಅದರ ಬೆಲೆ ಯಾರಿಗೂ ತಿಳಿಯಲಿಲ್ಲವೆಂದೂ ಹೇಳಿದೆ. “ಅಷ್ಟೂ ಕಾಳು ಕೂತು ಎಣಿಸಿದನಾ? ಮನೆಯಲ್ಲಿ ಅಡಿಗೆ ಯಾರು ಮಾಡುತ್ತಿದ್ದರಂತೆ?” ಎಂದು ಅಮ್ಮ ಕೇಳಿದರು. ಆತ ಮಠದ ಸಂನ್ಯಾಸಿಯೆಂದ ಮೇಲೆ ಅವರಿಗೆ ಸಮಾಧಾನವಾಯಿತು.

ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಕ್ಕೆ ತನ್ನದೇ ಡಿಎನ್‌ಎ ಇದೆ. ಮನುಷ್ಯರಲ್ಲಿ ಅದರ 37 ವಂಶವಾಹಿಗಳು ತಾಯಿಯ ಕಡೆಯಿಂದಲೇ ಬರುತ್ತವೆ. ಅಪ್ಪ ಮರಾಠಿಯವರಾದ ನಮ್ಮ ಮನೆಯಲ್ಲಿ ನನಗೆ ಕನ್ನಡ ಬಂದದ್ದೂ ಹೀಗೆಯೇ ಅಲ್ಲವೇ ಎಂದು ಆ ಪುಟ ಓದುವಾಗ ಒಂದು ಗಳಿಗೆ ಅನಿಸಿತು. ಉತ್ತರಪತ್ರಿಕೆಯಲ್ಲಿ ಹಾಗೆ ಬರೆದರೆ ಸೊನ್ನೆ ಗ್ಯಾರಂಟಿ. ಅಂಡ, ವೀರ್ಯಾಣುಗಳನ್ನು ಮಾಡುವ ಕೋಶವಿಭಜನೆಯಾದ ಮಿಯಾಸಿಸ್ ಓದುವುದು ಇನ್ನೂ ಬಾಕಿಯಿದೆ.