ಧರೆಯ ಮೇಲಿನ ಪಾಚಿ

ತೀರ್ಥಹಳ್ಳಿಯಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ. ಮನೆ ಹಿಂದಿನ ಧರೆ ಪೂರ್ತಿ ಹಸಿರು ಪಾಚಿ. ಬೆರಳಿಟ್ಟರೆ ಒದ್ದೆ ಕಂಬಳಿ ಮುಟ್ಟಿದ ಹಾಗೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಜಪಾನಿ ಉದ್ಯಾನದಲ್ಲಿ ಇಂಥ ಪಾಚಿಯನ್ನು ಮಗುವಿನಂತೆ ಜೋಪಾನ ಮಾಡ್ತಾರೆ. ಮೊದಲು ಆ ಜಾಗದಲ್ಲಿ ಮೃಗಾಲಯವಿತ್ತು. 1963ರಲ್ಲಿ ಟೋಕಿಯೋದ ಪ್ರೊಫೆಸರ್ ತಕುಮಾ ಟೋನೊ ಅವರಿಗೆ ವಿನ್ಯಾಸದ ಕೆಲಸ ಒಪ್ಪಿಸಿದರು, 1967ರಲ್ಲಿ ಜನರಿಗೆ ತೆರೆಯಿತು. ಅಮೆರಿಕ-ಜಪಾನ್ ಎದುರುಬದುರಾಗಿದ್ದ ಎರಡನೇ ಮಹಾಯುದ್ಧ ಮುಗಿದು ಆಗಿನ್ನೂ 22 ವರ್ಷ! ಅಷ್ಟರಲ್ಲೇ, ಎದುರಾಳಿ ದೇಶದವರನ್ನೇ ಕರೆಸಿ ತಮ್ಮ ಊರಲ್ಲಿ ತೋಟ ಮಾಡಿಸಿಕೊಂಡರಲ್ಲ, ಆ ಜನರ ಮೇಲೆ ನನಗೆ ತುಂಬಾ ಗೌರವ.

ಅಮ್ಮ ಜಾರತ್ತೆ ಅಂತ ಮೆಟ್ಟಿಲಿನ ಪಾಚಿ ಕೆರೆಯೋಕೆ ಹೊರಟಿದ್ದಾಳೆ. ಧರೆಯದ್ದು ಹಾಗೇ ಇರಲಿ ಬಿಡಮ್ಮಾ ಅಂದೆ.