ಐಸ್ ಹಾಕಿ ತಂಡಕ್ಕೂ ವಶೀಲಿ ಬೇಕೇ?

ನಾನು ಐಸ್ ಹಾಕಿ ನೋಡುತ್ತೇನೆಂದು ತಿಳಿದೊಡನೆ ಬೆಂಗಳೂರಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ರಾಷ್ಟ್ರೀಯ ತಂಡಕ್ಕೆ ಆಟಗಾರರನ್ನು ಹೇಗೆ ಆರಿಸುತ್ತಾರೆ, ಅಲ್ಲಿಯೂ ವಶೀಲಿ ನಡೆಯುತ್ತದೆಯೇ? ಮೊದಲರ್ಧ ಬರಿಯ ಪೀಠಿಕೆ. ಕೇಳುವವರಿಗೆ ಬೇಕಾಗಿರುವುದು ಎರಡನೆಯ ಅರ್ಧಕ್ಕೆ ‘ಹೌದು’ ಎಂಬ ಉತ್ತರ. ಭಾರತ ತಂಡದಲ್ಲಿ ಲಡಾಖಿನವರೇ ಹೆಚ್ಚಾಗಿರುವುದನ್ನೂ ಸಂಶಯದಿಂದ ನೋಡುವವರಿದ್ದಾರೆ. ಚಳಿಗಾಲದಲ್ಲಿ ಅಲ್ಲಿಯ ಕೆರೆಗಳು ಹೆಪ್ಪುಗಟ್ಟುತ್ತವೆ, ಹಲಸೂರು ಕೆರೆ ಹೆಪ್ಪುಗಟ್ಟುವುದಿಲ್ಲ. ಇದರಲ್ಲಿ ಯಾವ ಮಂತ್ರಿಯ ಕೈವಾಡವೂ ಇಲ್ಲ.

ಕಳೆದ ಸಲ ಕೇಳಿದವರು ಜಯನಗರದ ಛತ್ರವೊಂದರಲ್ಲಿ ಊಟಕ್ಕೆ ಪಕ್ಕದಲ್ಲಿ ಕುಳಿತಿದ್ದ ವಧುವಿನ ಸೋದರಮಾವ. “ಅಲ್ಲಪ್ಪಾ, ಹೆಚ್ಚು ಗೋಲು ಹೊಡೆದ ಇಪ್ಪತ್ತೈದು ಜನರನ್ನು ಕರೆದರೆ ಮುಗಿಯಿತಲ್ಲ, ಅದಕ್ಕೊಂದು ಸಮಿತಿ ಏಕೆ?” ಎಂದರು. ನಾನು ಸಾಂಬಾರಿನ ಎರಡು ನುಗ್ಗೆಕಾಯಿ ಹೋಳುಗಳನ್ನು ಎಲೆಯ ಎರಡು ಅಂಚಿಗೆ ಸರಿಸಿ, ಗೋಲು ಹೊಡೆಯುವವರಷ್ಟೇ ಸಾಲದು, ಮೈದಾನದ ಎರಡೂ ಅಂಚಿಗೆ ತಕ್ಕವರು ಬೇಕೆಂದು ವಿವರಿಸಿದೆ. 2014ರ ಸೋಚಿ ಒಲಿಂಪಿಕ್ಸ್‌ಗೆ ಹೋದ ಕೆನಡಾ ತಂಡದ 25 ಜನರಲ್ಲಿ ಗೋಲ್‌ಕೀಪರ್‌ಗಳು 3, ಮುನ್ಪಡೆಯವರು 14, ರಕ್ಷಕರು 8; ಆ ಎಂಟರಲ್ಲಿ ನಾಲ್ವರು ಕೋಲನ್ನು ಮೈಯ ಎಡಕ್ಕೆ ಹಿಡಿದು ಎಡಗಡೆಯಿಂದ ಹೊಡೆಯುವವರು, ನಾಲ್ವರು ಬಲಗಡೆಯಿಂದ ಹೊಡೆಯುವವರು. ಬಲ ಅಂಚಿನ ಗೋಡೆಗುಂಟ ಜಾರಿ ಬರುವ ‘ಪಕ್’ ಅನ್ನು, ಅಂದರೆ ಚೆಂಡಿನ ಬದಲಿಗಿರುವ ರಬ್ಬರಿನ ಬಿಲ್ಲೆಯನ್ನು, ಎಡಗಡೆಯಿಂದ ಹೊಡೆಯುವವನು ಕೋಲಿನ ಹಿಂಬದಿಯಲ್ಲಿ ತಡೆಯಬೇಕಾಗುತ್ತದೆ, ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಿದ್ದಿರುತ್ತಾನೆ. ಆ ತಂಡ ಆರು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಮೂರೇ ಗೋಲು.

ಅದೇ ತಂಡದಲ್ಲಿ ಕ್ರಿಸ್ ಕುನಿಟ್ಜ್ ಇದ್ದ. ಪಿಟ್ಸ್‌ಬರ್ಗ್ ಕ್ಲಬ್ಬಿನಲ್ಲಿ ಕೆನಡಾ ತಂಡದ ನಾಯಕ ಸಿಡ್ನಿ ಕ್ರಾಸ್ಬಿಯ ಜೊತೆ ಆಡುತ್ತಾನೆಂಬ ಕಾರಣಕ್ಕೇ ಸೇರಿಸಿಕೊಂಡರೆಂದು ಟೀಕೆಯೂ ಆಯಿತು. ಕಾರಣ ಅದೇ ಇರಬಹುದು, ಆದರೆ ಇಂತಹ ದೊಡ್ಡ ಕೂಟಕ್ಕೆ ಮುಂಚೆ ತಂಡ ಒಟ್ಟಿಗೆ ಅಭ್ಯಾಸ ಮಾಡಲು ಸಿಗುವುದು ಕೆಲವೇ ದಿನಗಳಾದ್ದರಿಂದ, ಕಣ್ಸನ್ನೆಯಲ್ಲೇ ಅರ್ಥ ಮಾಡಿಕೊಳ್ಳುವ ಜೋಡಿಯನ್ನು ಕರೆದೊಯ್ಯುವುದನ್ನು ನಾನು ವಶೀಲಿ ಎನ್ನಲಾರೆ. ಸ್ವೀಡನ್ ವಿರುದ್ಧ 3–0ಯಿಂದ ಗೆದ್ದ ಫೈನಲ್‌ನ ಮೂರನೆಯ ಗೋಲು ಕುನಿಟ್ಜ್‌ನದು.

ಯಾರನ್ನು ಸೇರಿಸಿಕೊಂಡರೆಂದು ಎಲ್ಲರೂ ಕೇಳುತ್ತಾರೆ. ಬಿಟ್ಟವನ ಮುಖವನ್ನು ಮರುದಿನ ಹೇಗೆ ನೋಡುತ್ತಾರೆಂದು ಒಬ್ಬರಾದರೂ ಕೇಳಬಾರದೇ? ಆ ತಂಡವನ್ನು ಕಟ್ಟಿದ ಸ್ಟೀವ್ ಐಜರ್‌ಮನ್ ಟ್ಯಾಂಪಾ ಬೇ ಕ್ಲಬ್ಬಿನ ಜನರಲ್ ಮ್ಯಾನೇಜರ್ ಕೂಡ ಆಗಿದ್ದರು. ಅದೇ ಕ್ಲಬ್ಬಿನ ನಾಯಕ ಮಾರ್ಟಿನ್ ಸೇಂಟ್ ಲೂಯಿ, ಹಿಂದಿನ ಋತುವಿನಲ್ಲಿ ಅಮೆರಿಕ–ಕೆನಡಾದ ಕ್ಲಬ್ಬುಗಳ ಇಡೀ ಲೀಗಿನಲ್ಲೇ ಅತಿ ಹೆಚ್ಚು ಅಂಕ (ಹೊಡೆದ ಗೋಲು, ನೆರವಾದ ಗೋಲು ಎರಡೂ ಸೇರಿ) ಗಳಿಸಿದವನು. ಅಂಕಗಳನ್ನಷ್ಟೇ ನೋಡುವ ಲೆಕ್ಕಾಚಾರದಲ್ಲಿಯೂ, ವಶೀಲಿಯ ಲೆಕ್ಕಾಚಾರದಲ್ಲಿಯೂ ಮೊದಲ ಹೆಸರು ಅವನದೇ ಆಗಬೇಕಿತ್ತು. ಜನವರಿಯಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಅವನಿರಲಿಲ್ಲ. ಒಂದೇ ಕಟ್ಟಡದಲ್ಲಿ ದುಡಿಯುವ ಆ ಇಬ್ಬರು ಕಾರಿಡಾರಿನಲ್ಲಿ ಎದುರಾದಾಗ ಏನು ಮಾತಾಡಿಕೊಂಡಿರಬಹುದೆಂದು ನಾನು ಇಂದಿಗೂ ಯೋಚಿಸುತ್ತೇನೆ. ಪಟ್ಟಿಯಲ್ಲಿದ್ದ ಸ್ಟೀವನ್ ಸ್ಟ್ಯಾಮ್‌ಕೋಸ್‌ನ ಕಾಲಿನ ಗಾಯ ಮಾಗದೇ ಹೋದದ್ದರಿಂದ ಕೊನೆಗಳಿಗೆಯಲ್ಲಿ ಸೇಂಟ್ ಲೂಯಿಗೆ ಕರೆ ಬಂತು, ಚಿನ್ನದ ಪದಕವೂ ದಕ್ಕಿತು. ಆದರೂ ಮಾರ್ಚ್ 5ರಂದು ಅವನು ತಾನೇ ಕೇಳಿಕೊಂಡು ನ್ಯೂಯಾರ್ಕ್ ರೇಂಜರ್ಸ್ ತಂಡಕ್ಕೆ ಹೊರಟುಹೋದ.

ಇಷ್ಟು ಹೇಳುವಷ್ಟರಲ್ಲಿ ಎಲೆಗೆ ಮಜ್ಜಿಗೆ ಬಂದಿತ್ತು. ಎಲ್ಲವನ್ನೂ ಗಮನವಿಟ್ಟು ಕೇಳಿದ ಮಾವನವರು ದನಿ ತಗ್ಗಿಸಿ, “ನ್ಯೂಯಾರ್ಕಿಗೆ ಯಾರ ಕೈಲಿ ಹೇಳಿಸಿದನಂತೆ?” ಎಂದರು.